ನೀವು ಬಲ್ಲ ನಗರದಲ್ಲಿ ನಡೆಯುವ ಥ್ರಿಲ್ಲರ್ ಅನ್ನು ಓದುವ ಬಗೆ

ಓದುಗರಿಂದ ಒಂದೇ ಪ್ರಶ್ನೆ ಬೇರೆ ಬೇರೆ ರೂಪಗಳಲ್ಲಿ ಮತ್ತೆ ಮತ್ತೆ ಬರುತ್ತಿದೆ. ತಾವು ಹುಟ್ಟಿ ಬೆಳೆದ, ಅಥವಾ ಹಲವು ವರ್ಷ ಬಾಳಿದ ನಗರವನ್ನೇ ಹಿನ್ನೆಲೆಯಾಗಿಟ್ಟುಕೊಂಡ ರೋಚಕ ಕಾದಂಬರಿಯೊಂದನ್ನು ಬಹಳ ಆಸೆಯಿಂದ ಕೈಗೆತ್ತಿಕೊಂಡೆವು, ಆದರೆ ಮೂವತ್ತು ಪುಟ ದಾಟುವುದರೊಳಗೆ ಕಥಾನಾಯಕಿ ಇಲ್ಲದ ತಿರುವಿನಲ್ಲಿ ಎಡಕ್ಕೆ ಹೊರಳಿದಳು, ಅಲ್ಲಿಂದಾಚೆಗೆ ಕಥೆಯನ್ನು ನಂಬಲಾಗಲಿಲ್ಲ, ಈಗ ಏನು ಮಾಡಬೇಕು ಎಂದು ಕೆಲವರು ಕೇಳುತ್ತಾರೆ. ಇನ್ನು ಕೆಲವರ ತೊಂದರೆ ಇದಕ್ಕೆ ತದ್ವಿರುದ್ಧವಾದದ್ದು: ಪರಿಚಿತ ಬೀದಿಗಳ ಹೆಸರು ಕಂಡ ಸಂತೋಷದಲ್ಲೇ ಪುಸ್ತಕ ಮುಗಿದುಹೋಯಿತು, ಕೊಲೆ ಮಾಡಿದವರು ಯಾರು ಎಂಬುದು ಬಿಟ್ಟರೆ ಕಥೆಯಲ್ಲಿ ಬೇರೇನೂ ನೆನಪಿನಲ್ಲಿ ಉಳಿಯಲಿಲ್ಲ ಎನ್ನುತ್ತಾರೆ.

ಎರಡೂ ತೊಂದರೆಗಳ ಬೇರು ಒಂದೇ. ಓದುವಾಗ ನಮ್ಮೊಳಗೆ ಎರಡು ನಗರಗಳು ಏಕಕಾಲದಲ್ಲಿ ತೆರೆದುಕೊಂಡಿರುತ್ತವೆ: ಲೇಖಕರು ಪುಟದ ಮೇಲೆ ಕಟ್ಟುತ್ತಿರುವ ನಗರ ಒಂದು, ನಾವು ನಡೆದಾಡಿದ ನಗರ ಇನ್ನೊಂದು. ಎರಡನೆಯದು ಮೊದಲನೆಯದನ್ನು ಮುಚ್ಚಿಬಿಟ್ಟರೆ ಕಥೆ ಸೊರಗುತ್ತದೆ. ಹಾಗೆಂದು ನಮ್ಮ ತಿಳಿವಳಿಕೆಯನ್ನು ಪೂರ್ತಿಯಾಗಿ ಬದಿಗಿಡಬೇಕೆಂದು ನಾನು ಹೇಳುವುದಿಲ್ಲ. ಹೊರಗಿನ ಓದುಗರಿಗೆ ಎಂದಿಗೂ ದೊರೆಯದ ಒಂದು ಸಾಧನ ನಿಮ್ಮ ಕೈಯಲ್ಲಿದೆ. ಅದನ್ನು ಎಲ್ಲಿ ಬಳಸಬೇಕು, ಎಲ್ಲಿಯವರೆಗೆ ತಡೆದಿಟ್ಟುಕೊಳ್ಳಬೇಕು ಎಂಬುದಷ್ಟೇ ಕಲಿಯಬೇಕಾದ ಕ್ರಮ, ಮತ್ತು ಈ ಲೇಖನ ಅದನ್ನೇ ಹಂತಹಂತವಾಗಿ ವಿವರಿಸುತ್ತದೆ.

ಬೇಕಾಗುವ ವಸ್ತುಗಳು ಹೆಚ್ಚೇನಿಲ್ಲ. ಪುಸ್ತಕ, ಒಂದು ಪೆನ್ಸಿಲ್, ಪುಟಗಳ ನಡುವೆ ಇಡಲು ಹತ್ತಿಪ್ಪತ್ತು ಕಾಗದದ ಚೀಟಿಗಳು, ಮತ್ತು ಕಥೆ ನಡೆಯುವ ಕಾಲಕ್ಕೆ ಹತ್ತಿರವಾದ ಒಂದು ನಕ್ಷೆ. ನಕ್ಷೆಯನ್ನು ಹುಡುಕಿ ಇಟ್ಟುಕೊಳ್ಳಿ, ಆದರೆ ತೆರೆಯಬೇಡಿ. ಅದರ ಸರದಿ ಐದನೆಯ ಹಂತದಲ್ಲಿ ಬರುತ್ತದೆ.

ಹಂತ 1: ಕಥೆಯ ವರ್ಷವನ್ನು ನಿಗದಿ ಮಾಡಿಕೊಳ್ಳಿ

ನಗರ ಗೊತ್ತಿರುವ ಓದುಗರು ಲೇಖಕರ ಮೇಲೆ ಹೊರಿಸುವ ತಪ್ಪುಗಳಲ್ಲಿ ಬಹುಪಾಲು ತಪ್ಪುಗಳೇ ಅಲ್ಲ. ಅವು ವರ್ಷಗಳ ಅಂತರ. ನೀವು ಬಲ್ಲದ್ದು ಒಂದು ಕಾಲದ ನಗರ, ಪುಸ್ತಕದಲ್ಲಿರುವುದು ಇನ್ನೊಂದು ಕಾಲದ್ದು. ಆದ್ದರಿಂದ ಮೊದಲ ಅಧ್ಯಾಯಕ್ಕೆ ಮುನ್ನವೇ ಮೂರು ವರ್ಷಗಳನ್ನು ಬೇರೆ ಬೇರೆಯಾಗಿ ಗುರುತಿಸಿಕೊಳ್ಳಿ: ಕಥೆ ನಡೆಯುವ ವರ್ಷ, ಪುಸ್ತಕ ಮೊದಲು ಪ್ರಕಟವಾದ ವರ್ಷ, ನಿಮ್ಮ ಕೈಯಲ್ಲಿರುವ ಮುದ್ರಣ ಅಥವಾ ಅನುವಾದದ ವರ್ಷ. ಕೊನೆಯ ಎರಡು ಹಕ್ಕುಸ್ವಾಮ್ಯದ ಪುಟದಲ್ಲಿ ಇರುತ್ತವೆ. ಮೊದಲನೆಯದನ್ನು ಕಥೆಯೊಳಗಿನಿಂದಲೇ ಹೆಕ್ಕಬೇಕಾಗಬಹುದು.

ಹೀಗೆ ಹೆಕ್ಕುವಾಗ ಸಣ್ಣ ಸಂಗತಿಗಳು ದೊಡ್ಡ ಸಹಾಯ ಮಾಡುತ್ತವೆ. ಲಂಡನ್ ನಗರದ ದೂರವಾಣಿ ಸಂಕೇತ 1990ರ ಮೇ ತಿಂಗಳವರೆಗೆ 01 ಆಗಿತ್ತು. ಬಳಿಕ ಅದು 071 ಮತ್ತು 081 ಎಂದು ಒಡೆಯಿತು, 1995ರಲ್ಲಿ 0171 ಮತ್ತು 0181 ಆಯಿತು, 2000ದಲ್ಲಿ 020 ಬಂದಿತು. ಪಾತ್ರವೊಂದು ಚೀಟಿಯ ಮೇಲೆ ಬರೆದುಕೊಂಡ ಸಂಖ್ಯೆಯ ಮೊದಲ ಅಂಕಿಗಳೇ ಕಥೆಯ ಕಾಲವನ್ನು ಕೆಲವು ವರ್ಷಗಳ ಅಂತರದೊಳಕ್ಕೆ ತಂದು ನಿಲ್ಲಿಸುತ್ತವೆ. ಸ್ವೀಡನ್ನಿನಲ್ಲಿ 1967ರ ಸೆಪ್ಟೆಂಬರ್ 3ರಂದು ಇಡೀ ದೇಶದ ವಾಹನ ಸಂಚಾರ ರಸ್ತೆಯ ಎಡಬದಿಯಿಂದ ಬಲಬದಿಗೆ ಬದಲಾಯಿತು. ಆ ದಿನಕ್ಕಿಂತ ಹಿಂದಿನ ಸ್ಟಾಕ್‌ಹೋಮ್ ಕಥೆಯಲ್ಲಿ ಕಾರೊಂದು ಎಡಬದಿಯ ಅಂಚಿಗೆ ಬಂದು ನಿಂತರೆ, ಇಂದಿನ ನಿವಾಸಿಗೆ ತಪ್ಪೆಂದು ಕಂಡರೂ, ಅದು ಸರಿಯಾದ ವಿವರ. ಪ್ಯಾರಿಸ್ ನಗರದ ನಡುವಿದ್ದ ಲೇ ಆಲ್ ಸಗಟು ಮಾರುಕಟ್ಟೆ 1969ರಲ್ಲಿ ನಗರದ ಹೊರಗಿನ ರುಂಜಿಸ್‌ಗೆ ಹೋಯಿತು. ಅದಕ್ಕೆ ಮುಂಚಿನ ಕಥೆಯಲ್ಲಿ ಬೆಳಗಿನ ಜಾವ ಮೂರು ಗಂಟೆಗೆ ಆ ಬೀದಿಗಳು ಗಿಜಿಗುಡುತ್ತಿದ್ದರೆ ಆಶ್ಚರ್ಯಪಡಬೇಕಾಗಿಲ್ಲ, ಮತ್ತು ಬೆನ್ನಟ್ಟಿ ಬಂದವರಿಂದ ತಪ್ಪಿಸಿಕೊಳ್ಳಲು ಆ ಗದ್ದಲವೇ ನೆರವಾಗಬಹುದು. ಅದೇ ನಗರದ ಅಪರಾಧ ತನಿಖಾ ಪೊಲೀಸರ ಕೇಂದ್ರ ಕಚೇರಿ 2017ರವರೆಗೆ ಸೇನ್ ನದಿಯ ದಂಡೆಯ ಓರ್ಫೆವ್ರ್ ರಸ್ತೆಯ 36ನೇ ಸಂಖ್ಯೆಯ ಕಟ್ಟಡದಲ್ಲಿತ್ತು, ಈಗ ಬಾತಿನ್ಯೋಲ್ ಪ್ರದೇಶದಲ್ಲಿದೆ.

ಬರ್ಲಿನ್ ನಗರದಲ್ಲಿ ಈ ಲೆಕ್ಕ ಇನ್ನೂ ಕಠಿಣವಾದದ್ದು. 1961ರ ಆಗಸ್ಟ್ 13ರಿಂದ 1989ರ ನವೆಂಬರ್ 9ರವರೆಗೆ ಗೋಡೆ ನಗರವನ್ನು ಸೀಳಿತ್ತು. ಇಂದು ಹತ್ತು ನಿಮಿಷದಲ್ಲಿ ನಡೆದು ಮುಗಿಸುವ ದಾರಿ ಆಗ ಇರಲೇ ಇಲ್ಲ. ಪಶ್ಚಿಮದ ಕೆಲವು ಸುರಂಗ ರೈಲುಗಳು ಪೂರ್ವ ಭಾಗದ ಕೆಳಗೆ ಹಾದುಹೋಗುವಾಗ ಮುಚ್ಚಿದ ನಿಲ್ದಾಣಗಳಲ್ಲಿ ನಿಲ್ಲದೆ ನಿಧಾನವಾಗಿ ಸಾಗುತ್ತಿದ್ದವು. ಇಂದು ಅದೇ ನಿಲ್ದಾಣದಲ್ಲಿ ದಿನವೂ ಇಳಿಯುವ ಓದುಗರಿಗೆ, ಪಾತ್ರ ಅಲ್ಲಿ ಏಕೆ ಇಳಿಯಲಿಲ್ಲ ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ. ಉತ್ತರ ಕಥೆಯ ವರ್ಷದಲ್ಲಿದೆ.

ಎಚ್ಚರಿಕೆ: ಪುಸ್ತಕ ಪ್ರಕಟವಾದ ವರ್ಷವನ್ನೇ ಕಥೆಯ ವರ್ಷವೆಂದು ಭಾವಿಸಬೇಡಿ. ಬರೆದು, ತಿದ್ದಿ, ಅಚ್ಚಾಗುವುದರೊಳಗೆ ಒಂದೆರಡು ವರ್ಷಗಳಾದರೂ ಕಳೆದಿರುತ್ತವೆ, ಆ ನಡುವೆ ನಗರದಲ್ಲಿ ಒಂದು ಮೇಲ್ಸೇತುವೆ ಎದ್ದಿರಬಹುದು, ಒಂದು ಚಿತ್ರಮಂದಿರ ನೆಲಸಮವಾಗಿರಬಹುದು.

ಹಂತ 2: ಲೇಖಕರು ಎಷ್ಟು ನಿಜವನ್ನು ಮಾತುಕೊಟ್ಟಿದ್ದಾರೆಂದು ನೋಡಿ

ಎಲ್ಲ ಲೇಖಕರೂ ನಗರವನ್ನು ಇದ್ದಂತೆಯೇ ಕೊಡುತ್ತೇವೆಂದು ಒಪ್ಪಿಕೊಂಡಿರುವುದಿಲ್ಲ. ಕೆಲವರು ಬೀದಿ, ಮನೆಸಂಖ್ಯೆ, ಬಸ್ಸಿನ ಸಂಖ್ಯೆ ಎಲ್ಲವನ್ನೂ ನಿಜದಿಂದಲೇ ತೆಗೆದುಕೊಳ್ಳುತ್ತಾರೆ. ಹೆಚ್ಚಿನವರು ನಿಜವಾದ ನಗರದೊಳಗೆ ಒಂದೆರಡು ಕಲ್ಪಿತ ಬೀದಿಗಳನ್ನೋ ಕಟ್ಟಡಗಳನ್ನೋ ಸೇರಿಸುತ್ತಾರೆ. ಇನ್ನು ಕೆಲವರು ನಗರಕ್ಕೇ ಬೇರೆ ಹೆಸರಿಡುತ್ತಾರೆ. ಷರ್ಲಾಕ್ ಹೋಮ್ಸ್ 1887ರಲ್ಲಿ ಓದುಗರ ಮುಂದೆ ಬಂದಾಗ ಬೇಕರ್ ಬೀದಿಯ ಮನೆಸಂಖ್ಯೆಗಳು 221ರವರೆಗೆ ಹೋಗುತ್ತಲೇ ಇರಲಿಲ್ಲ. ಬೀದಿಯ ಸಂಖ್ಯೆಗಳನ್ನು ಬದಲಿಸಿದ ಮೇಲೆ, 1930ರ ದಶಕದಲ್ಲಿ, ಅಲ್ಲಿ ಎದ್ದ ಒಂದು ಹಣಕಾಸು ಸಂಸ್ಥೆಯ ಕಟ್ಟಡದ ಪಾಲಿಗೆ ಆ ಸಂಖ್ಯೆ ಬಂದಿತು, ಮತ್ತು ಪತ್ತೇದಾರನ ಹೆಸರಿಗೆ ಬರುತ್ತಿದ್ದ ಪತ್ರಗಳಿಗೆ ಉತ್ತರಿಸುವುದಕ್ಕೆಂದೇ ಆ ಸಂಸ್ಥೆ ಒಬ್ಬ ಕಾರ್ಯದರ್ಶಿಯನ್ನು ನೇಮಿಸಬೇಕಾಯಿತು. ಅಂದಿನ ಲಂಡನ್ ನಿವಾಸಿಗೆ ಆ ವಿಳಾಸ ಇಲ್ಲದ್ದೆಂದು ಗೊತ್ತಿತ್ತು, ಗೊತ್ತಿದ್ದೂ ಓದಿದ. ಎಡ್ ಮೆಕ್‌ಬೇನ್ 1956ರಲ್ಲಿ ಆರಂಭಿಸಿದ ಪೊಲೀಸ್ ಠಾಣೆಯ ಕಾದಂಬರಿ ಮಾಲೆಯಲ್ಲಿ ನ್ಯೂಯಾರ್ಕ್ ನಗರವನ್ನೇ ಮಾದರಿಯಾಗಿಟ್ಟುಕೊಂಡು, ಅದರ ಭಾಗಗಳಿಗೆ ಬೇರೆ ಹೆಸರುಗಳನ್ನಿಟ್ಟು, ದಿಕ್ಕುಗಳನ್ನೂ ಹೊರಳಿಸಿದರು.

ಲೇಖಕರು ಹೀಗೆ ಮರೆಮಾಚುವುದಕ್ಕೆ ಬಲವಾದ ಕಾರಣಗಳಿವೆ. ಕೊಲೆಗಾರನ ಮನೆಗೆ ನಿಜವಾದ ವಿಳಾಸ ಕೊಟ್ಟರೆ ಅಲ್ಲಿ ವಾಸಿಸುವ ಕುಟುಂಬಕ್ಕೆ ನೋವಾಗುತ್ತದೆ. ಲಂಚ ತಿನ್ನುವ ಅಧಿಕಾರಿಯನ್ನು ನಿಜವಾದ ಠಾಣೆಯಲ್ಲಿ ಕೂರಿಸಿದರೆ ಮಾನನಷ್ಟದ ಮೊಕದ್ದಮೆಗೆ ದಾರಿಯಾಗಬಹುದು. ಆದ್ದರಿಂದ ಅಪರಾಧ ನಡೆಯುವ ಜಾಗ, ಅಪರಾಧಿಯ ಮನೆ, ಭ್ರಷ್ಟ ಕಚೇರಿ ಈ ಮೂರು ಮಾತ್ರ ನಕ್ಷೆಯಲ್ಲಿ ಸಿಗದೆ, ಸುತ್ತಲಿನ ಎಲ್ಲವೂ ಸಿಗುತ್ತಿದ್ದರೆ, ಲೇಖಕರಿಗೆ ನಗರ ಚೆನ್ನಾಗಿಯೇ ಗೊತ್ತಿದೆ ಎಂದು ತಿಳಿಯಬೇಕು. ಗೊತ್ತಿಲ್ಲದ ಲೇಖಕರು ತಪ್ಪುವುದು ಬೇರೆ ಕಡೆಗಳಲ್ಲಿ: ಜನ ಯಾವ ಬದಿಯಿಂದ ನಿಲ್ದಾಣದೊಳಕ್ಕೆ ಹೋಗುತ್ತಾರೆ, ಬಡಾವಣೆಯನ್ನು ನಿವಾಸಿಗಳು ಪೂರ್ತಿ ಹೆಸರಿನಿಂದ ಕರೆಯುತ್ತಾರೋ ಮೊಟಕುಗೊಳಿಸಿಯೋ, ಮಳೆ ಬಂದರೆ ಮೊದಲು ಎಲ್ಲಿ ನೀರು ನಿಲ್ಲುತ್ತದೆ ಎಂಬಂಥ ಸಂಗತಿಗಳಲ್ಲಿ. ಲೇಖಕರ ಪರಿಚಯದ ಆಳವನ್ನು ಅಳೆಯಬೇಕೆಂದಿದ್ದರೆ ಇವುಗಳನ್ನು ನೋಡಿ, ವಿಳಾಸಗಳನ್ನಲ್ಲ.

ನಗರದ ವಿವರಗಳಲ್ಲಿ ಸ್ವಾತಂತ್ರ್ಯ ತೆಗೆದುಕೊಂಡಿದ್ದೇನೆ ಎಂಬ ಲೇಖಕರ ಮಾತು ಸಾಮಾನ್ಯವಾಗಿ ಪುಸ್ತಕದ ಆರಂಭದಲ್ಲೋ ಕೊನೆಯಲ್ಲೋ ಇರುತ್ತದೆ. ಆರಂಭದಲ್ಲಿದ್ದರೆ ಓದಿ. ಕೊನೆಯಲ್ಲಿರುವುದನ್ನು ಮುಂಚಿತವಾಗಿ ತಿರುವಬೇಡಿ, ಏಕೆಂದರೆ ಯಾವ ಕಟ್ಟಡ ಕಲ್ಪಿತ ಎಂದು ಹೇಳುವ ಭರದಲ್ಲಿ ಆ ಟಿಪ್ಪಣಿ ಅಲ್ಲಿ ಏನಾಯಿತೆಂಬುದನ್ನೂ ಹೇಳಿಬಿಡುವುದುಂಟು.

ಹಂತ 3: ಮೊದಲ ಓದನ್ನು ನಕ್ಷೆಯಿಲ್ಲದೆ ಮುಗಿಸಿ

ಈ ಹಂತದ ಮೇಲೆ ನಾನು ಹೆಚ್ಚು ಒತ್ತು ಕೊಡುತ್ತೇನೆ, ಏಕೆಂದರೆ ಹೆಚ್ಚಿನವರು ಸೋಲುವುದು ಇಲ್ಲಿಯೇ.

ಓದುತ್ತಿರುವಾಗ ನಗರದ ಬಗ್ಗೆ ಅನುಮಾನ ಹುಟ್ಟಿದ ಕಡೆಯಲ್ಲೆಲ್ಲ ಚೀಟಿ ಇಟ್ಟು, ಅದರ ಮೇಲೆ ಒಂದೇ ಅಕ್ಷರ ಬರೆಯಿರಿ: ದೂರದ ಅನುಮಾನಕ್ಕೆ ‘ದೂ’, ಕಾಲದ ಅನುಮಾನಕ್ಕೆ ‘ಕಾ’, ಒಂದು ಜಾಗದಿಂದ ಇನ್ನೊಂದು ಜಾಗ ಕಾಣುತ್ತದೆಯೇ ಎಂಬ ಅನುಮಾನಕ್ಕೆ ‘ನೋ’. ಬರೆದು ಮುಂದೆ ಹೋಗಿ. ಅಲ್ಲೇ ನಿಂತು ಫೋನಿನಲ್ಲಿ ನಕ್ಷೆ ತೆರೆದರೆ, ರೋಚಕ ಕಾದಂಬರಿಯ ಪ್ರಾಣವಾದ ಓಟ ಕಡಿದುಹೋಗುತ್ತದೆ, ಮತ್ತು ಒಮ್ಮೆ ಕಡಿದ ಓಟವನ್ನು ಅದೇ ಅಧ್ಯಾಯದಲ್ಲಿ ಮತ್ತೆ ಹಿಡಿಯುವುದು ಕಷ್ಟ.

ಇನ್ನೊಂದು ದೊಡ್ಡ ಅಪಾಯವೆಂದರೆ ವರ್ಣನೆಯನ್ನು ಹಾರಿಸುವುದು. ಆ ಚೌಕ ನನಗೆ ಗೊತ್ತು, ಆ ಸೇತುವೆಯನ್ನು ಸಾವಿರ ಸಲ ದಾಟಿದ್ದೇನೆ ಎಂಬ ಧೈರ್ಯದಿಂದ ಓದುಗರು ಅಂಥ ಪರಿಚ್ಛೇದಗಳ ಮೇಲೆ ಕಣ್ಣು ಹಾಯಿಸಿ ಸಂಭಾಷಣೆಗೆ ಜಿಗಿಯುತ್ತಾರೆ. ಪತ್ತೇದಾರಿ ಬರವಣಿಗೆಯಲ್ಲಿ ಪಳಗಿದ ಲೇಖಕರು ಸುಳಿವನ್ನು ಅಡಗಿಸುವುದು ಇಂಥ ಸಾಧಾರಣ ವರ್ಣನೆಗಳ ನಡುವೆಯೇ. ಚೌಕದಲ್ಲಿ ಎಂದಿನಂತೆ ಹೂ ಮಾರುವವರು, ಗಡಿಯಾರದ ಗೋಪುರ, ಬಸ್ಸಿಗೆ ಕಾದ ಜನ ಎಂದು ಬರೆಯುತ್ತ, ಗೋಪುರದ ಗಡಿಯಾರ ನಿಂತುಹೋಗಿದೆ ಎಂಬ ಒಂದು ಮಾತನ್ನು ನಡುವೆ ಸೇರಿಸಿರುತ್ತಾರೆ. ನೂರು ಪುಟಗಳಾಚೆ ಸಾಕ್ಷಿಯೊಬ್ಬರು ಆ ಗಡಿಯಾರ ನೋಡಿ ಸಮಯ ಹೇಳಿದೆನೆಂದಾಗ ಅದು ಬೆಳಕಿಗೆ ಬರುತ್ತದೆ. ಹೊರಗಿನ ಓದುಗರು ಆ ಪರಿಚ್ಛೇದವನ್ನು ಪೂರ್ತಿ ಓದಿರುತ್ತಾರೆ, ಏಕೆಂದರೆ ಅವರಿಗೆ ಆ ಚೌಕ ಹೊಸದು. ನಿವಾಸಿಯಾದ ನಿಮಗೆ ಮಾತ್ರ ಸುಳಿವು ತಪ್ಪಿಹೋಗುತ್ತದೆ. ಆದ್ದರಿಂದ ಪರಿಚಿತ ಜಾಗದ ವರ್ಣನೆ ಬಂದಾಗ ಓದಿನ ವೇಗವನ್ನು ಬೇಕೆಂದೇ ತಗ್ಗಿಸಿ, ನಿಮ್ಮ ಕಣ್ಣ ಮುಂದಿರುವ ಚೌಕಕ್ಕೂ ಪುಟದ ಮೇಲಿನ ಚೌಕಕ್ಕೂ ಇರುವ ವ್ಯತ್ಯಾಸವನ್ನು ಹುಡುಕಿ. ಲೇಖಕರು ಏನನ್ನು ಬಿಟ್ಟಿದ್ದಾರೆ ಎಂಬುದೂ ಅಷ್ಟೇ ಮುಖ್ಯ.

ಸ್ವಂತ ನೆನಪುಗಳು ಒತ್ತರಿಸಿ ಬರುವುದು ಮೂರನೆಯ ತೊಡಕು. ನೀವು ಓದಿದ ಶಾಲೆಯ ಎದುರಿನ ಬೀದಿಯಲ್ಲಿ ಹೆಣ ಸಿಕ್ಕಿದರೆ ಮನಸ್ಸು ಕಥೆಯಿಂದ ಆಚೆಗೆ ಹೋಗುವುದು ಸಹಜ, ಅದನ್ನು ತಡೆಯಬೇಕಾಗಿಯೂ ಇಲ್ಲ. ಆದರೆ ಪುಸ್ತಕವನ್ನು ದೃಶ್ಯದ ನಡುವೆ ಮಡಚದೆ, ಅಧ್ಯಾಯ ಮುಗಿಸಿ ಮಡಚಿ. ಆ ಬೀದಿಯಲ್ಲಿ ನಿಮಗೇ ನಿಜವಾದ ನೋವೊಂದು ಸಂಭವಿಸಿದ್ದರೆ, ಅಂಥ ದೃಶ್ಯವನ್ನು ಬಿಟ್ಟು ಮುಂದೆ ಹೋಗುವುದರಲ್ಲಿ ಯಾವ ತಪ್ಪೂ ಇಲ್ಲ. ಏನಾಯಿತೆಂಬುದು ಮುಂದಿನ ಅಧ್ಯಾಯದ ಸಂಭಾಷಣೆಗಳಿಂದ ತಿಳಿದೇ ತಿಳಿಯುತ್ತದೆ.

ಎಲ್ಲ ದಾರಿಗಳೂ ಗೊತ್ತಿರುವುದರಿಂದ ಕುತೂಹಲವೇ ಹುಟ್ಟುವುದಿಲ್ಲ ಎಂದು ಹೇಳುವವರಿದ್ದಾರೆ. ಆ ಅಂಜಿಕೆ ಬೇಡ. ಫ್ರೆಡರಿಕ್ ಫಾರ್ಸೈತ್ ಅವರ ‘ದ ಡೇ ಆಫ್ ದ ಜಾಕಲ್’ 1971ರಲ್ಲಿ ಬಂದಾಗ, ಅದರಲ್ಲಿ ಹತ್ಯೆಗೆ ಗುರಿಯಾಗಿದ್ದ ಫ್ರಾನ್ಸಿನ ಅಧ್ಯಕ್ಷ ದ ಗೋಲ್ 1970ರ ನವೆಂಬರಿನಲ್ಲಿ ತಮ್ಮ ಮನೆಯಲ್ಲಿಯೇ ಸಹಜವಾಗಿ ತೀರಿಕೊಂಡದ್ದು ಎಲ್ಲ ಓದುಗರಿಗೂ ಗೊತ್ತಿತ್ತು. ಕೊಲೆಯ ಸಂಚು ಸೋಲುತ್ತದೆಂದು ಮೊದಲ ಪುಟಕ್ಕೆ ಮುಂಚೆಯೇ ತಿಳಿದಿದ್ದರೂ ಅವರು ಪುಸ್ತಕವನ್ನು ಕೆಳಗಿಡಲಿಲ್ಲ, ಏಕೆಂದರೆ ಅವರನ್ನು ಹಿಡಿದಿಟ್ಟ ಪ್ರಶ್ನೆ ‘ಏನಾಗುತ್ತದೆ’ ಎಂಬುದಾಗಿರದೆ ‘ಹೇಗೆ ಅಲ್ಲಿಗೆ ತಲುಪುತ್ತಾರೆ’ ಎಂಬುದಾಗಿತ್ತು. ನಗರ ಗೊತ್ತಿರುವ ಓದುಗರ ಸ್ಥಿತಿಯೂ ಇದೇ. ಆ ಓಣಿಗೆ ಆಚೆ ದಾರಿಯಿಲ್ಲವೆಂದು ಪಾತ್ರಕ್ಕಿಂತ ಮೊದಲು ನಿಮಗೆ ಗೊತ್ತಾಗುತ್ತದೆ, ಮತ್ತು ಅವಳು ಅತ್ತಲೇ ಓಡುತ್ತಿರುವಾಗ ನಿಮಗಾಗುವ ಕಳವಳ ಹೊರಗಿನವರಿಗೆ ಆಗುವುದಿಲ್ಲ.

ಹಂತ 4: ತಪ್ಪೆಂದು ಕಂಡದ್ದನ್ನು ಜರಡಿ ಹಿಡಿಯಿರಿ

ಪುಸ್ತಕ ಮುಗಿದ ಮೇಲೆ, ಅಥವಾ ಕಥೆ ಅರ್ಧಕ್ಕೆ ಬಂದು ತನಿಖೆ ನಿಂತ ನೀರಾದ ಕಡೆ, ಚೀಟಿಗಳಿಗೆ ಹಿಂದಿರುಗಿ. ಪ್ರತಿಯೊಂದಕ್ಕೂ ಈ ಪ್ರಶ್ನೆಗಳನ್ನು ಇದೇ ಕ್ರಮದಲ್ಲಿ ಹಾಕಿ. ಇದು ವರ್ಷದ ವ್ಯತ್ಯಾಸವೇ? ಬೇಕೆಂದೇ ಮಾಡಿದ ಮರೆಮಾಚುವಿಕೆಯೇ? ಕಥೆಯ ವೇಗಕ್ಕಾಗಿ ದಾರಿಯನ್ನು ಮೊಟಕುಗೊಳಿಸಿದ್ದೇ? ಪಾತ್ರವೇ ತಪ್ಪಾಗಿ ಹೇಳುತ್ತಿದೆಯೇ? ನಾಲ್ಕಕ್ಕೂ ಅಲ್ಲ ಎಂಬ ಉತ್ತರ ಬಂದಾಗ ಮಾತ್ರ ಅದನ್ನು ಲೇಖಕರ ತಪ್ಪೆಂದು ಬರೆದುಕೊಳ್ಳಿ.

ನಾಲ್ಕನೆಯ ಪ್ರಶ್ನೆಯೇ ಅತ್ಯಂತ ಬೆಲೆಯುಳ್ಳದ್ದು. ರೋಚಕ ಕಾದಂಬರಿಯಲ್ಲಿ ಜನ ಸುಳ್ಳು ಹೇಳುತ್ತಾರೆ. ಕಥೆ ಹೇಳುತ್ತಿರುವವರ ಮಾತನ್ನೇ ಪೂರ್ತಿ ನಂಬಲಾಗದಂತೆ ಕಟ್ಟಿದ ಕಾದಂಬರಿಗಳೂ ಇವೆ. ಅಂಥವರನ್ನು ವಿಮರ್ಶೆಯಲ್ಲಿ ನಂಬಲನರ್ಹ ನಿರೂಪಕ ಎಂದು ಕರೆಯುತ್ತಾರೆ. ಸಾಕ್ಷಿಯೊಬ್ಬರು ಗ್ರಂಥಾಲಯದಿಂದ ನೇರವಾಗಿ ನದಿಯ ಕಡೆಗೆ ಇಳಿದೆನೆಂದು ಹೇಳಿದಾಗ, ಅಲ್ಲಿ ಇಳಿಜಾರಿಲ್ಲ, ಏರು ಇದೆ ಎಂದು ನಿಮಗೆ ಗೊತ್ತಿದ್ದರೆ, ಎರಡು ಸಾಧ್ಯತೆಗಳಿವೆ: ಲೇಖಕರು ಆ ದಾರಿಯಲ್ಲಿ ನಡೆದಿಲ್ಲ, ಅಥವಾ ಸಾಕ್ಷಿ ನಡೆದಿಲ್ಲ. ಹಿಂದೊಮ್ಮೆ ಇಂಥದ್ದೇ ಒಂದು ಹೇಳಿಕೆಯನ್ನು ಲೇಖಕರ ಅಜ್ಞಾನವೆಂದು ತೀರ್ಮಾನಿಸಿ ನಾನು ಪುಸ್ತಕವನ್ನು ಬದಿಗಿಟ್ಟಿದ್ದೆ. ವರ್ಷದ ನಂತರ ಮತ್ತೆ ತೆರೆದಾಗ, ಕೊನೆಯ ಅಧ್ಯಾಯಗಳಲ್ಲಿ ತನಿಖಾಧಿಕಾರಿ ಆ ಸಾಕ್ಷಿಯನ್ನು ಹಿಡಿದದ್ದು ಅದೇ ಹೇಳಿಕೆಯಿಂದ. ನಗರ ಗೊತ್ತಿದ್ದ ನನಗೆ ಇನ್ನೂರು ಪುಟ ಮುಂಚಿತವಾಗಿ ದೊರೆತಿದ್ದ ಸುಳಿವನ್ನು ನಾನೇ ಕಳೆದುಕೊಂಡಿದ್ದೆ. ಅಂದಿನಿಂದ, ಭೂಗೋಳದ ತಪ್ಪು ನಿರೂಪಣೆಯಲ್ಲಿದೆಯೋ ಸಂಭಾಷಣೆಯಲ್ಲಿದೆಯೋ ಎಂಬುದನ್ನು ಮೊದಲು ನೋಡುತ್ತೇನೆ. ಉದ್ಧರಣ ಚಿಹ್ನೆಯೊಳಗಿನ ತಪ್ಪು ಪಾತ್ರದ್ದಾಗಿರಬಹುದೆಂಬ ಅನುಮಾನವನ್ನು ಕೊನೆಯ ಪುಟದವರೆಗೂ ಬಿಡಬಾರದು.

ಮೊಟಕುಗೊಳಿಸುವಿಕೆಯ ಬಗ್ಗೆ ಒಂದೇ ಮಾತು. ಮೂರು ಸಂಚಾರ ದೀಪಗಳ ಮುಂದೆ ಕಾದು ನಿಂತ ವಿವರವನ್ನು ಲೇಖಕರು ಬರೆಯದಿದ್ದರೆ, ಪಾತ್ರ ಕಾಯಲಿಲ್ಲವೆಂದು ಅರ್ಥವಲ್ಲ.

ಹಂತ 5: ಸಮಯ, ಬೆಳಕು ಮತ್ತು ನೋಟವನ್ನು ಅಳೆಯಿರಿ

ಈಗ ನಕ್ಷೆಯನ್ನು ತೆರೆಯಬಹುದು. ಎಲ್ಲವನ್ನೂ ಅಳೆಯಲು ಹೊರಡಬೇಡಿ. ಅಲಿಬಿಗೆ ಸಂಬಂಧಿಸಿದ್ದನ್ನು ಮಾತ್ರ ಅಳೆಯಿರಿ. ಅಲಿಬಿ ಎಂದರೆ ಅಪರಾಧ ನಡೆದ ಹೊತ್ತಿನಲ್ಲಿ ತಾನು ಬೇರೊಂದು ಜಾಗದಲ್ಲಿದ್ದೆನೆಂದು ಶಂಕಿತ ವ್ಯಕ್ತಿ ಹೇಳುವ ಸಮರ್ಥನೆ. ಅದು ನಿಲ್ಲುವುದೂ ಬೀಳುವುದೂ ದೂರ ಮತ್ತು ಸಮಯದ ಮೇಲೆ, ಮತ್ತು ಇದೊಂದು ವಿಷಯದಲ್ಲಿ ನಿಮ್ಮ ತಿಳಿವಳಿಕೆ ತನಿಖಾಧಿಕಾರಿಯ ತಿಳಿವಳಿಕೆಗೆ ಸಮಾನವಾದದ್ದು.

ವಯಸ್ಕರ ಸಾಮಾನ್ಯ ನಡಿಗೆ ಗಂಟೆಗೆ ಸುಮಾರು 5 ಕಿಲೋಮೀಟರ್. ಅಂದರೆ ಒಂದು ಕಿಲೋಮೀಟರಿಗೆ 12 ನಿಮಿಷ. ಗಂಟೆಗೆ 10 ಕಿಲೋಮೀಟರ್ ವೇಗದಲ್ಲಿ ಓಡಿದರೆ 6 ನಿಮಿಷ ಸಾಕು, ಆದರೆ ಓಡಿ ಅಭ್ಯಾಸವಿಲ್ಲದವರು ಆ ವೇಗವನ್ನು ಹೆಚ್ಚು ಹೊತ್ತು ಉಳಿಸಿಕೊಳ್ಳಲಾರರು, ಮತ್ತು ಓಡುವವರನ್ನು ಬೀದಿಯ ಜನ ನೆನಪಿಟ್ಟುಕೊಳ್ಳುತ್ತಾರೆ. ಇದಕ್ಕೆ ಮೆಟ್ಟಿಲು, ರಸ್ತೆ ದಾಟುವ ಕಾಯುವಿಕೆ, ವಾಹನ ನಿಲ್ಲಿಸಲು ಜಾಗ ಹುಡುಕುವ ಹೊತ್ತು ಇವನ್ನು ಸೇರಿಸಿ. ನಕ್ಷೆಯ ಆ್ಯಪ್ ತೋರಿಸುವ ಪ್ರಯಾಣದ ಅವಧಿ ಈ ಕ್ಷಣದ ಸಂಚಾರ ದಟ್ಟಣೆಗೆ ಅನುಗುಣವಾದದ್ದು. ಮಧ್ಯಾಹ್ನ ಕುಳಿತು ನೋಡಿದ ಅಂಕಿಯಿಂದ ನಡುರಾತ್ರಿಯ ಪ್ರಯಾಣವನ್ನು, ಅದರಲ್ಲೂ ಇಪ್ಪತ್ತು ವರ್ಷ ಹಿಂದಿನದನ್ನು, ಅಳೆಯಲಾಗದು. ಏಕಮುಖ ಸಂಚಾರದ ರಸ್ತೆಗಳೂ ಆಗಾಗ ಬದಲಾಗುತ್ತವೆ.

ಇಂಥ ಲೆಕ್ಕವನ್ನೇ ಕಥೆಯ ಬೆನ್ನೆಲುಬಾಗಿ ಮಾಡಿಕೊಂಡ ಕೃತಿಗಳಿಗೆ ಜಪಾನಿನ ಸೈಚೊ ಮಾತ್ಸುಮೊಟೊ ಅವರ ‘ಟೆನ್ ಟೊ ಸೆನ್’ ಒಳ್ಳೆಯ ಉದಾಹರಣೆ. ಹೆಸರಿನ ಅರ್ಥ ಬಿಂದುಗಳು ಮತ್ತು ರೇಖೆಗಳು. 1958ರಲ್ಲಿ ಪುಸ್ತಕವಾಗಿ ಬಂದ ಈ ಕಾದಂಬರಿಯ ಒಂದು ಮುಖ್ಯ ಕೊಂಡಿ ಟೋಕಿಯೊ ರೈಲು ನಿಲ್ದಾಣದಲ್ಲಿದೆ: ರೈಲುಗಳ ಓಡಾಟದಿಂದಾಗಿ, ಸಂಜೆಯ ಹೊತ್ತು ಕೇವಲ ನಾಲ್ಕು ನಿಮಿಷ ಮಾತ್ರ 13ನೇ ಪ್ಲಾಟ್‌ಫಾರ್ಮಿನಿಂದ 15ನೇ ಪ್ಲಾಟ್‌ಫಾರ್ಮ್ ಕಾಣುತ್ತದೆ. ಅಂದಿನ ನಿಜವಾದ ವೇಳಾಪಟ್ಟಿಯನ್ನು ಆಧರಿಸಿದ ಕಥೆ ಅದು. ಕಾಣುತ್ತದೆಯೇ ಎಂಬ ಪ್ರಶ್ನೆಗೂ ಎಷ್ಟು ಗಂಟೆಗೆ ಎಂಬ ಪ್ರಶ್ನೆಗೂ ಎಷ್ಟು ಹತ್ತಿರದ ನಂಟಿದೆ ಎಂಬುದು ಇದರಿಂದ ತಿಳಿಯುತ್ತದೆ. ನಿಮ್ಮ ‘ನೋ’ ಚೀಟಿಗಳನ್ನು ಪರಿಶೀಲಿಸುವಾಗ ಕಟ್ಟಡಗಳಷ್ಟೇ ಅಲ್ಲದೆ ಮರಗಳ ಎಲೆ, ನಿಂತ ವಾಹನಗಳು, ತಾತ್ಕಾಲಿಕ ಫಲಕಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಎಲೆಯುದುರುವ ಕಾಲದಲ್ಲಿ ಕಾಣುವ ಕಿಟಕಿ ಚಿಗುರಿದ ಮೇಲೆ ಕಾಣದಿರಬಹುದು.

ಬೆಳಕಿನ ವಿಷಯದಲ್ಲಿ ಲೇಖಕರು ತಪ್ಪುವುದು ಹೆಚ್ಚು, ಓದುಗರು ಗಮನಿಸುವುದು ಕಡಿಮೆ. ಚಂದ್ರನ ನಡೆ ಗೊತ್ತಿದ್ದರೆ ಅರ್ಧ ಕೆಲಸ ಮುಗಿಯುತ್ತದೆ. ಹುಣ್ಣಿಮೆಯ ಚಂದ್ರ ಸೂರ್ಯ ಮುಳುಗುವ ಹೊತ್ತಿಗೆ ಮೂಡುತ್ತಾನೆ, ನಡುರಾತ್ರಿಯ ಸುಮಾರಿಗೆ ಅತ್ಯಂತ ಎತ್ತರದಲ್ಲಿರುತ್ತಾನೆ. ಬಿದಿಗೆಯ ಚಂದ್ರ ಸಂಜೆ ಪಡುವಣದಲ್ಲಿ ಸ್ವಲ್ಪ ಹೊತ್ತು ಕಂಡು ಮುಳುಗುತ್ತಾನೆ, ಆದ್ದರಿಂದ ನಡುರಾತ್ರಿಯ ಕೊಲೆಗೆ ಬಿದಿಗೆಯ ಚಂದ್ರ ಸಾಕ್ಷಿಯಾಗಲಾರ. ಕೃಷ್ಣಪಕ್ಷದ ಅಷ್ಟಮಿಯ ಚಂದ್ರ ಮೂಡುವುದೇ ನಡುರಾತ್ರಿಯ ಹೊತ್ತಿಗೆ. ಕಥೆಯಲ್ಲಿ ದಿನಾಂಕ ಸ್ಪಷ್ಟವಾಗಿದ್ದರೆ ಅಂದಿನ ತಿಥಿಯನ್ನು ಹಳೆಯ ಪಂಚಾಂಗದಲ್ಲಿ ನೋಡಬಹುದು. ಉತ್ತರದ ನಗರಗಳಿಗೆ ಇನ್ನೊಂದು ಎಚ್ಚರಿಕೆ: ಸುಮಾರು 60 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಜೂನ್ ತಿಂಗಳ ರಾತ್ರಿ ಪೂರ್ತಿ ಕತ್ತಲಾಗುವುದೇ ಇಲ್ಲ, ಹಾಗಾಗಿ ಅಲ್ಲಿ ಕತ್ತಲಿನ ಮರೆಯಲ್ಲಿ ಹೆಣ ಸಾಗಿಸುವ ದೃಶ್ಯ ಜೂನಿನಲ್ಲಿದ್ದರೆ ನಿವಾಸಿ ಅದನ್ನು ಖಂಡಿತ ಪ್ರಶ್ನಿಸಬೇಕು.

ಹಂತ 6: ಬೇಕೆನಿಸಿದರೆ ಹೋಗಿ ನೋಡಿ

ಪುಸ್ತಕ ಮುಗಿದ ಮೇಲೆ ಒಂದು ಅಧ್ಯಾಯದ ದಾರಿಯಲ್ಲಿ ನಡೆದು ಬರುವುದು ನಗರ ಗೊತ್ತಿರುವವರಿಗಷ್ಟೇ ಸಿಗುವ ಸಂತೋಷ. ಒಂದೇ ಅಧ್ಯಾಯವನ್ನು ಆರಿಸಿಕೊಳ್ಳಿ. ಹಗಲಿನಲ್ಲಿ ಹೋಗಿ, ಕಥೆಯಲ್ಲಿ ರಾತ್ರಿಯಿದ್ದರೂ ನಿರ್ಜನ ಓಣಿಗಳಿಗೆ ಒಬ್ಬರೇ ರಾತ್ರಿ ಹೋಗುವುದು ಬೇಡ. ಜನ ವಾಸಿಸುವ ಮನೆಗಳ ಮುಂದೆ ನಿಂತು ಫೋಟೊ ತೆಗೆಯಬೇಡಿ, ಇಲ್ಲಿಯೇ ಅಲ್ಲವೇ ಕೊಲೆಯಾದದ್ದು ಎಂದು ನಿವಾಸಿಗಳನ್ನು ಕೇಳಬೇಡಿ, ರೈಲ್ವೆ ಹಳಿ, ಅರ್ಧ ಕಟ್ಟಿದ ಕಟ್ಟಡ, ಬೇಲಿ ಹಾಕಿದ ಜಾಗಗಳೊಳಕ್ಕೆ ಕಾಲಿಡಬೇಡಿ. ನಕ್ಷೆಯಲ್ಲಿ ತಿಳಿಯದ ಎರಡು ಸಂಗತಿಗಳು ಅಲ್ಲಿ ತಿಳಿಯುತ್ತವೆ: ಏರಿಳಿತ ಮತ್ತು ಶಬ್ದ. ಕೂಗಿದರೆ ಯಾರಿಗೆ ಕೇಳಿಸುತ್ತಿತ್ತು ಎಂಬ ಪ್ರಶ್ನೆಗೆ ಉತ್ತರ ಬೀದಿಯಲ್ಲಿ ನಿಂತಾಗಲೇ ಸಿಗುವುದು.

ಹಂತ 7: ಕಂಡುಕೊಂಡದ್ದನ್ನು ಹೇಳುವಾಗ

ಜರಡಿ ಹಿಡಿದ ಮೇಲೂ ಉಳಿದ ನಿಜವಾದ ತಪ್ಪುಗಳನ್ನು ಪ್ರಕಾಶಕರ ಮೂಲಕ ಲೇಖಕರಿಗೆ ತಿಳಿಸುವುದು ಒಳ್ಳೆಯ ಕೆಲಸ, ಮರುಮುದ್ರಣದಲ್ಲಿ ಅವು ಸರಿಯಾಗಬಹುದು. ಪತ್ರದಲ್ಲಿ ಪುಟಸಂಖ್ಯೆ, ತಪ್ಪಿರುವ ವಾಕ್ಯ, ಸರಿಯಾದ ವಿವರ ಮತ್ತು ಅದು ಯಾವ ವರ್ಷಕ್ಕೆ ಅನ್ವಯಿಸುತ್ತದೆ ಎಂಬುದಿರಲಿ. ಕಥೆಯನ್ನು ಕೆಡಿಸುವ ತಪ್ಪನ್ನು ಮೊದಲು ಬರೆಯಿರಿ. ಅಂಗಡಿಯ ಫಲಕದ ಬಣ್ಣ ಬೇರೆ ಎಂಬುದನ್ನು ಬಿಟ್ಟುಬಿಡಬಹುದು. ಅನುವಾದ ಓದಿದ್ದರೆ ಮೂಲದಲ್ಲಿಯೂ ಹಾಗೆಯೇ ಇದೆಯೇ ಎಂದು ಸಾಧ್ಯವಾದರೆ ನೋಡಿಕೊಳ್ಳಿ, ಏಕೆಂದರೆ ಎಡ ಬಲ, ಪೂರ್ವ ಪಶ್ಚಿಮಗಳು ಅನುವಾದದಲ್ಲಿ ಅದಲುಬದಲಾಗುವುದುಂಟು.

ಸ್ನೇಹಿತರಿಗೆ ಪುಸ್ತಕವನ್ನು ಕೊಡುವ ಮೊದಲು ಚೀಟಿಗಳನ್ನು ತೆಗೆದಿಡಿ. ಅದೇ ನಗರದವರಿಗೆ ಕೊಡುವುದಾದರೆ, ‘ಆ ಸೇತುವೆಯ ದೃಶ್ಯ ಬಂದಾಗ ಗಮನಿಸಿ’ ಎಂಬಷ್ಟನ್ನೂ ಹೇಳಬೇಡಿ. ಸೇತುವೆಗೆ ಹೋಗುವ ದಾರಿಗಳು ಅವರಿಗೂ ಗೊತ್ತಿರುವುದರಿಂದ, ಕೊಲೆಗಾರ ಯಾವ ಕಡೆಯಿಂದ ಬಂದನೆಂಬುದನ್ನು ಅವರು ಅಷ್ಟರಿಂದಲೇ ಊಹಿಸಿಬಿಡುತ್ತಾರೆ.